ಕಡಲು ಹೋದ ನಾಡಿಗೆ ಐದು ಜನ

ಮಕ್ತಲ್, ಮೇ 4, 2014, ಭಾನುವಾರ

ಮಾತಾಡಬಾರದು ಎಂದಿದ್ದಾರೆ, ಬರೆಯಬಾರದು ಎಂದಿಲ್ಲ. ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಹಿಂದಿನ ಹಾಳೆಗಳು ಖಾಲಿ ಇವೆ. ಅಲ್ಲಿಯೇ ಬರೆಯುತ್ತಿದ್ದೇನೆ.

ಎಂಟು ವರ್ಷ ಒಂದೇ ಕೋಣೆಯಲ್ಲಿ ಮೂರು ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಕೂಗಿ ಕನ್ನಡ ಕಲಿಸಿದ್ದಕ್ಕೆ ಗಂಟಲಲ್ಲಿ ಎರಡು ಗಂಟು ಬೆಳೆದಿದ್ದವು. ಮೊನ್ನೆ ರಾಯಚೂರಿನಲ್ಲಿ ಅವನ್ನು ತೆಗೆದರು. ಡಾಕ್ಟರಮ್ಮ ಕೇಸ್ ಪೇಪರ್ ನೋಡಿ ನಕ್ಕರು. "ಹೆಸರು ವಾಣಿಶ್ರೀ ಅಂತ ಇಟ್ಕೊಂಡು ಮೂರು ವಾರ ಸುಮ್ನಿರಬೇಕು ನೋಡ್ರಿ. ಪಿಸುಮಾತೂ ಬ್ಯಾಡ, ಅದು ಇನ್ನೂ ಕೆಟ್ಟದ್ದು."

ನನ್ನನ್ನು ನೋಡಿಕೊಳ್ಳಲು ತಮ್ಮ ಭೀಮಶಂಕರ್ ಹೈದರಾಬಾದಿನಿಂದ ಬಂದಿದ್ದಾನೆ. ಎರಡು ವರ್ಷದ ಮೇಲೆ ಮನೆಯ ಹೊಸಿಲು ದಾಟಿದ್ದು ಇದೇ ಮೊದಲು. ತೆಲಂಗಾಣ ಚಳವಳಿಯ ಜೋರಿನಲ್ಲಿ ಅವನು ಕೊನೆಯ ವರ್ಷದ ಪರೀಕ್ಷೆ ಬಿಟ್ಟು ಮೆರವಣಿಗೆಗೆ ಹೋಗಿದ್ದ. ಅಪ್ಪ ಫೋನಿನಲ್ಲಿ, "ಪರೀಕ್ಷಿ ಬರೀಲಿಲ್ಲಂದ್ರ ಮನಿಗೆ ಬರಬ್ಯಾಡ" ಎಂದ. ಇವನು ಬರಲಿಲ್ಲ. ಆಮೇಲೆ ಪರೀಕ್ಷೆ ಬರೆದು ಪಾಸಾದ, ಆದರೂ ಬರಲಿಲ್ಲ. ಅಂದಿನಿಂದ ಇಬ್ಬರ ನಡುವಿನ ಅಂಚೆ ಕಚೇರಿ ನಾನೇ. ಅಪ್ಪ ನನಗೆ ಹೇಳುವುದು, ನಾನು ಅವನಿಗೆ ಹೇಳುವುದು. ಅವನು ನನಗೆ ಹೇಳುವುದು, ನಾನು ಅಪ್ಪನಿಗೆ ಹೇಳುವುದು. ಈಗ ಅಂಚೆ ಕಚೇರಿಗೆ ಬೀಗ ಬಿದ್ದಿದೆ.

ನಾನಿಲ್ಲದೆ ಇವರು ಹೇಗೆ ನಡೆಸುತ್ತಾರೋ ನೋಡಬೇಕು.

ಮೇ 7

ಕೈ ನೋಯುತ್ತಿದೆ. ಮೂರನೇ ಕ್ಲಾಸಿನ ಒಂದು ಸ್ಲೇಟು ಮನೆಯಲ್ಲಿತ್ತು. ಅದೇ ಈಗ ನನ್ನ ಬಾಯಿ.

ಬೆಳಿಗ್ಗೆ ಅಪ್ಪ ನನ್ನ ಮುಂದೆ ನಿಂತು, "ಕುರಿಗೆ ನೀರಿಡು ಅಂತ ಹೇಳವಗ" ಎಂದ. ಭೀಮ ಮೂರು ಮೊಳ ದೂರದಲ್ಲಿ ಹಲ್ಲುಜ್ಜುತ್ತಿದ್ದ. ನಾನು ಸ್ಲೇಟಿನಲ್ಲಿ 'ಕುರಿಗೆ ನೀರು' ಎಂದು ಬರೆದು ಅವನಿಗೆ ತೋರಿಸಿದೆ. ಅವನು ಬಾಯಿ ತುಂಬ ನೊರೆ ಇಟ್ಟುಕೊಂಡು, "ಇಟ್ಟೀನಂತ ಹೇಳು" ಎಂದ. ಮತ್ತೆ ಒರೆಸಿ ಬರೆದು ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಹುಡುಕಲು ಒಳಗೆ ಹೋದ.

ಅವ್ವನಿಗೆ ಓದು ಬಾರದು. ಅವಳು ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ. ಅರ್ಧ ತಪ್ಪು ತಿಳಿಯುತ್ತಾಳೆ, ಆದರೂ ಊಟ ಸರಿಯಾದ ಹೊತ್ತಿಗೆ ಬರುತ್ತದೆ.

ಮೇ 9

ಇವತ್ತು ಭೀಮ ತನ್ನ ಬ್ಯಾಗಿನಿಂದ ಒಂದು ಡಬ್ಬಿ ತೆಗೆದ. ಮೂಲೆಗಳೆಲ್ಲ ಹರಿದಿದ್ದವು, ಸುತ್ತ ಟೇಪು. ಒಳಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ, ಒಂದು ನಕಾಶೆ, ಮತ್ತೆ ನಾನು ಕಂಡೇ ಇರದಂಥ ದಾಳಗಳು. ಒಂದಕ್ಕೆ ಎಂಟು ಮುಖ, ಒಂದಕ್ಕೆ ಇಪ್ಪತ್ತು.

ಇದೊಂದು ಆಟವಂತೆ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕೂತು ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. 'ಮುಂದೆ ಹೊಳೆ ಬಂತು, ಏನು ಮಾಡುತ್ತೀರಿ?' ಎಂದು ಅವನು ಕೇಳುತ್ತಾನೆ. ಇವರು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಹಾಕಬೇಕು. ಇಂಥ ಆಟಗಳಲ್ಲಿ ಒಂದೊಂದಕ್ಕೂ ಒಂದೊಂದು ಲೋಕವಂತೆ. ಈ ಡಬ್ಬಿಯ ಲೋಕಕ್ಕೆ ಭೀಮ ಇಟ್ಟ ಹೆಸರು 'ಕಡಲು ಹೋದ ನಾಡು'. ಬಹಳ ಹಿಂದೆ ಅಲ್ಲಿಯ ಕಡಲು ಒಂದು ಮುಂಜಾನೆ ಎದ್ದು ಹೋಗಿಬಿಟ್ಟಿತು. ಜನ ಅದರ ತಳದಲ್ಲೇ ಬದುಕುತ್ತಾರೆ. ನಿಂತ ಹಡಗುಗಳೇ ಮನೆ. ಕುರಿ ಮೇಯಿಸುತ್ತ, ನೀರು ಹುಡುಕುತ್ತ, ಊರಿಂದೂರಿಗೆ ಸುದ್ದಿ ಒಯ್ಯುತ್ತ ನಡೆಯುತ್ತಾರೆ. ಯಾರು ಬಾಗಿಲಿಗೆ ಬಂದರೂ ಮೊದಲು ನೀರು ಕೊಟ್ಟು ಆಮೇಲೆ ಹೆಸರು ಕೇಳಬೇಕೆಂಬುದು ಅಲ್ಲಿಯ ಕಾನೂನು.

ಹೈದರಾಬಾದಿನ ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಒಂದು ಭಾನುವಾರ ಹಳೆಯ ಪುಸ್ತಕಗಳ ನಡುವೆ ಅವನಿಗೆ ಇದು ಸಿಕ್ಕಿತಂತೆ. ಹಾಸ್ಟೆಲಿನ ಗೆಳೆಯರು ಎರಡು ವಾರ ಆಡಿ ಬಿಟ್ಟರು. "ಡ್ರಾಗನ್ ಇಲ್ಲ, ಕತ್ತಿ ಇಲ್ಲ, ಬರೇ ನಡಿಯೋದು, ಯಾರದೋ ಮನ್ಯಾಗ ಉಣ್ಣೋದು, ಇದೂ ಒಂದು ಲೋಕ ಏನೋ ಅಂದ್ರಕ್ಕ" ಎಂದು ಹೇಳಿ ಭೀಮ ನಕ್ಕ. ನಗು ಪೂರ್ತಿ ಬರಲಿಲ್ಲ. ಇದನ್ನು ಬರೆದವನ ಬೇರೆ ಪುಸ್ತಕ ಎಲ್ಲೂ ಸಿಗಲಿಲ್ಲವಂತೆ. ಆದರೂ ಎರಡು ವರ್ಷ ಇವನೊಬ್ಬನೇ ಕೂತು ಇಂಥ ಹಡಗಿನಲ್ಲಿ ಇಂಥವರು ಇದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ. ನಾಲ್ಕು ನೋಟ್‌ಬುಕ್ಕು.

ಮಾತಾಡಲಾಗದ ನನಗೆ ಮಾತಿನ ಆಟ ತಂದಿದ್ದಾನೆ, ಬುದ್ಧಿವಂತ! ಅದನ್ನೇ ಸ್ಲೇಟಿನಲ್ಲಿ ಬರೆದೆ. "ಮೌನ ವ್ರತ ಹಿಡದಾಕಿ ಆಗು" ಎಂದ.

ಮೇ 13

ಪಕ್ಕದ ಮನೆಯ ವೀರಬಸಮ್ಮನವರು ಎಂದಿನಂತೆ ಮಧ್ಯಾಹ್ನ ಹರಟೆಗೆ ಬಂದರು. ಅವರದು ಬಟ್ಟೆ ವ್ಯಾಪಾರದ ಮನೆತನ. ಅರವತ್ತು ದಾಟಿದ್ದರೂ ಅಂಗಡಿಯ ಬೀಗದ ಗೊಂಚಲು ಸೊಸೆಗೆ ಕೊಟ್ಟಿಲ್ಲ. ನಾನು ಉತ್ತರ ಕೊಡಲಾರೆನೆಂದು ಅವರಿಗೆ ಬೇಸರ. ಭೀಮ ಅವರನ್ನೂ ಆಟಕ್ಕೆ ಕೂರಿಸಿದ.

ದಾಳ ಕಂಡದ್ದೇ ಅವ್ವ ಅಡುಗೆಮನೆಯಿಂದ ಓಡಿ ಬಂದಳು. "ಜೂಜು! ನನ್ನ ಮನ್ಯಾಗ!"

"ಜೂಜಲ್ಲಬೇ, ಕಥಿ."

"ಕಥಿಗ್ಯಾಕ ದಾಳ?"

ಭೀಮ ತಿಳಿಸಿ ಹೇಳುವಷ್ಟರಲ್ಲಿ ಅವ್ವ ಕೂತಿದ್ದಳು. ಪ್ರತಿಯೊಬ್ಬರೂ ದಾರಿಗೆ ಒಂದೇ ಒಂದು ವಸ್ತು ಒಯ್ಯಬಹುದು. ಅವ್ವ ಕಡಗೋಲು ಅಂದಳು. ನಾನು ಗಂಟೆ ಎಂದು ಬರೆದೆ. ವೀರಬಸಮ್ಮನವರು, "ನಾ ಎಮ್ಮಿ ಬಿಟ್ಟು ಬರಂಗಿಲ್ಲ" ಎಂದರು. ನೀರಿಲ್ಲದ ನಾಡಿಗೆ ಎಮ್ಮೆ ಆಗದು ಎಂದು ಭೀಮ ಪುಸ್ತಕ ತೆರೆದು ತೋರಿಸಿದ. "ಎಮ್ಮಿ ಇಲ್ಲದ ಊರು ಊರೇನಪ? ಬರದವಗ ತಿಳೀಲಿಲ್ಲ ಬಿಡು" ಎಂದರು. ಎಮ್ಮೆ ಬಂತು.

ಮೊದಲನೆಯ ದಿನವೇ ಎಮ್ಮೆಗೆ ಬಾಯಾರಿತು. ದಾಳ ಹಾಕಿದರು, ಇಪ್ಪತ್ತಕ್ಕೆ ಹದಿನೆಂಟು ಬಿತ್ತು. ಎಮ್ಮೆ ತಾನೇ ಕೆಸರು ಹುಡುಕಿ ನೀರು ತೋರಿಸಿತು. ವೀರಬಸಮ್ಮನವರು ಸಂಜೆಯವರೆಗೂ ಮನೆಗೆ ಹೋಗಲಿಲ್ಲ.

ಮೇ 16

ಚುನಾವಣೆಯ ಎಣಿಕೆ. ಊರೆಲ್ಲ ಪಟಾಕಿ. ನಮ್ಮ ಪಡಸಾಲೆಯಲ್ಲಿ ಮಾತ್ರ ಬೇರೆ ಗದ್ದಲ. ಕುರಿಮಂದೆಯ ಹಿಂದೆ ನಾವು ಮೂವರು ಉಪ್ಪಿನ ಬಯಲು ದಾಟಬೇಕಿತ್ತು. ಭೀಮ ಪುಸ್ತಕ ನೋಡಿ, "ಮಟಮಟ ಮಧ್ಯಾಹ್ನ, ಕುರಿಮಂದಿ ನಡೀತಾನೇ ಐತಿ" ಎಂದ.

ಅಂಗಳದಲ್ಲಿ ಅಪ್ಪ ತಕಲಿ ಹಿಡಿದು ಉಣ್ಣೆ ನೂಲುತ್ತಿದ್ದ. ಅಲ್ಲಿಂದಲೇ ಅವ್ವನಿಗೆ ಕೂಗಿದ. "ಹಣಮವ್ವ, ಹೇಳವಗ. ಮಧ್ಯಾಹ್ನ ಬಿಸಲಾಗ ಕುರಿ ನಡ್ಯಂಗಿಲ್ಲ. ಒಂದರ ಹೊಟ್ಟಿ ಕೆಳಗ ಒಂದು ತಲಿ ಇಟ್ಟು ನಿಂತುಬಿಡ್ತಾವ. ಹೊಡದ್ರೂ ಕದಲಂಗಿಲ್ಲ."

ಭೀಮ ಪೆನ್ನು ತೆಗೆದು ಪುಸ್ತಕದ ಆ ಸಾಲು ಹೊಡೆದು, ಅಂಚಿನಲ್ಲಿ ಏನೋ ಬರೆದ. ಆಮೇಲೆ, "ಮಂದಿ ನಿಂತುಬಿಡ್ತು. ಇಳಿಹೊತ್ತಿನತನ ಕಾಯಬೇಕು" ಎಂದು ಕಥೆ ಮುಂದುವರಿಸಿದ.

ಅಪ್ಪ ಇವತ್ತು ನೂತದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಮೇ 18

ಎಲ್ಲ ಕೆಡಿಸಿಕೊಂಡೆ.

ಊಟದ ಹೊತ್ತಿಗೆ ಅಪ್ಪ, "ಈ ಆಟ ಕಲಿಯಾಕ ಎರಡು ವರ್ಷ ಪಟ್ನದಾಗ ಇದ್ನೇನು, ಕೇಳು" ಎಂದ. ಭೀಮ ತಟ್ಟೆ ಸರಿಸಿದ. "ಮನಿಗೆ ಬರಬ್ಯಾಡ ಅಂದೋರು ಯಾರಂತ ಕೇಳಬೇ." ಒಂದು ಮಾತಿಗೆ ಒಂದು ಮಾತು, ಎಲ್ಲ ಅವ್ವನ ಮುಖಕ್ಕೆ. ಅವನು ಬ್ಯಾಗು ತುಂಬತೊಡಗಿದ. ನಾನು ಸ್ಲೇಟು ಎತ್ತಿ ಹಿಡಿದೆ. ಯಾರೂ ನೋಡಲಿಲ್ಲ.

"ಇಬ್ರೂ ಬಾಯಿ ಮುಚ್ರಿ!" ಎಂದು ಕೂಗಿದೆ.

ತುಕ್ಕು ಹಿಡಿದ ಬಾಗಿಲಿನಂಥ ದನಿ ಬಂತು. ಆಮೇಲೆ ಗಂಟಲಲ್ಲಿ ಬೆಂಕಿ, ನಾಲಗೆಯ ಮೇಲೆ ರಕ್ತದ ರುಚಿ. ಇಬ್ಬರೂ ಬಾಯಿ ಮುಚ್ಚಿದರು.

ಮೇ 20

ರಾಯಚೂರು. ಡಾಕ್ಟರಮ್ಮ ಇವತ್ತು ನಗಲಿಲ್ಲ. ಇನ್ನೂ ನಾಲ್ಕು ವಾರ. "ಮತ್ತೊಮ್ಮೆ ಹಿಂಗ ಮಾಡಿದ್ರ ಈ ದನೀನೇ ಖಾಯಂ ಆಗ್ತದ. ಪಾಠ ಮಾಡೋದು ಮರೀಬೇಕಾಗ್ತದ." ಜೂನ್ ಹನ್ನೆರಡಕ್ಕೆ ಶಾಲೆ ತೆರೆಯುತ್ತದೆ.

ಬಸ್ಸು ಕೃಷ್ಣಾ ಸೇತುವೆ ದಾಟುವಾಗ ಭೀಮ ಕಿಟಕಿಯ ಕಡೆ ಮುಖ ಮಾಡಿದ್ದ. ಬ್ಯಾಗು ಬಿಚ್ಚಿಟ್ಟಿದ್ದಾನೆ.

ಮೇ 22

ಏನೂ ಇಲ್ಲ. ಡಬ್ಬಿ ಕಪಾಟಿನ ಮೇಲಿದೆ.

ಮೇ 25

ಇವತ್ತು ಮಧ್ಯಾಹ್ನ ವೀರಬಸಮ್ಮನವರು ಬಂದು, "ನನ್ನ ಎಮ್ಮಿ ಉಪ್ಪಿನ ಬಯಲಾಗ ನಿಂತು ಒಂಬತ್ತು ದಿನ ಆತು, ಸತ್ತಿದ್ರ ಹೇಳಿಬಿಡ್ರಿ" ಎಂದರು. ಭೀಮ ಡಬ್ಬಿ ಇಳಿಸಿದ.

ನಾವು ಕೂತದ್ದೇ ಅಪ್ಪ ಅಂಗಳದಿಂದ ಎದ್ದು ಬಂದ. ಕಂಬಳಿ ಹಾಸಿಕೊಂಡು ನನ್ನ ಪಕ್ಕದಲ್ಲಿ ಕೂತ. "ಯಾರೂ ಯಾರಿಗೂ ಹೇಳೋದು ಬ್ಯಾಡ. ನಾನೂ ಆಡ್ತೀನಿ" ಎಂದು ನೆಲಕ್ಕೆ ಹೇಳಿದ.

ಅವ್ವ ಅವಸರವಾಗಿ, "ಕಥಿಯಾಗ ಬ್ಯಾರೆ ಹೆಸರು ಇಟ್ಕೊಬೇಕಂತ್ರಿ" ಎಂದಳು.

"ಆಶಪ್ಪ ಅನ್ನೋ ನನ್ನ ಹೆಸರಿಗೇನಾಗೈತಿ? ಇದೇ ಇರ್ಲಿ."

ಒಯ್ಯುವ ವಸ್ತು ಯಾವುದೆಂದು ಯಾರೂ ಕೇಳಲಿಲ್ಲ. ಕಂಬಳಿಯ ಮೇಲೆಯೇ ಕೂತಿದ್ದನಲ್ಲ.

ಆಟ ನಡೆಸುವವನೊಡನೆ ಆಡುವವರು ಮಾತಾಡಲೇಬೇಕು, ಬೇರೆ ದಾರಿಯಿಲ್ಲ. ಅಪ್ಪ ಬಹಳ ಹೊತ್ತು ನಕಾಶೆ ನೋಡಿದ. ಕೊನೆಗೆ ಕೆಮ್ಮಿ, "ಆ ಗುಡ್ಡದಾಚಿ ನೀರೈತೇನು?" ಎಂದ. ಯಾರಿಗೆ ಎಂದು ಹೇಳಲಿಲ್ಲ, ಆದರೆ ಕೇಳಿದ್ದು ಭೀಮನನ್ನೇ.

"ಐತ್ರಿ, ಹಿರ್ಯಾರ. ಒಂದು ದಿನದ ಹಾದಿ" ಎಂದ ಭೀಮ. ಕಥೆಯೊಳಗೆ ದಾರಿ ಹೇಳುವ ಮುದುಕನೊಬ್ಬನ ದನಿಯಲ್ಲಿ ಹೇಳಿದ್ದು.

ನಾನು ಅವ್ವನ ಕಡೆ ನೋಡಿದೆ. ಅವಳು ತೊಗರಿಬೇಳೆಯಲ್ಲಿ ಕಲ್ಲು ಹುಡುಕುತ್ತಿದ್ದಳು. ನಿನ್ನೆಯೇ ಆರಿಸಿಟ್ಟ ಬೇಳೆ ಅದು.

ಮೇ 29

ದಿನಾ ಮೂರು ಗಂಟೆಗೆ ಆಟ. ಅಪ್ಪ ಆ ಪುಸ್ತಕವನ್ನು ಪೂರ್ತಿ ಒಪ್ಪಿಕೊಂಡಿದ್ದಾನೆ. "ಇದನ್ನ ಬರದಾಂವ ಯಾವ ದೇಶದಾಂವರ ಇರ್ಲಿ, ನಾಕು ದಿನ ಕುರಿಮಂದಿ ಹಿಂದ ನಡದಾನ" ಎಂದ. ನೀರು ಕೊಟ್ಟು ಆಮೇಲೆ ಹೆಸರು ಕೇಳುವ ಕಾನೂನು ಅವನಿಗೆ ಬಹಳ ಹಿಡಿಸಿದೆ. ಮಂದೆ ಹೊಡೆದುಕೊಂಡು ಇಟಿಕ್ಯಾಲ, ರಾಜೋಳಿಯ ಕಡೆ ಹೋಗುತ್ತಿದ್ದ ಕಾಲದಲ್ಲಿ ಹಾಗೆ ನೀರು ಕೊಟ್ಟವರ ಹೆಸರುಗಳನ್ನೆಲ್ಲ ಹೇಳಿದ. ಮೂವತ್ತು ವರ್ಷದ ಹಿಂದಿನ ಹೆಸರುಗಳು. ಕೆಲವು ಮಾತ್ರ ನನಗೆ ಗೊತ್ತಿದ್ದವು. ಉಳಿದವನ್ನು ಯಾಕೆ ಹೇಳಿರಲಿಲ್ಲವೋ. ನಾನು ಕೇಳಿರಲಿಲ್ಲವೋ ಏನೋ.

ಭೀಮ ಅವನ್ನೆಲ್ಲ ನೋಟ್‌ಬುಕ್ಕಿಗೆ ಬರೆದುಕೊಂಡ. ಈಗ ಕಡಲು ಹೋದ ನಾಡಿನ ಒಂದು ಹಡಗಿನಲ್ಲಿ ರಾಜೋಳಿಯ ಸಾಯಣ್ಣ ಇದ್ದಾನೆ.

ಜೂನ್ 2, ಸೋಮವಾರ

ಇಂದಿನಿಂದ ನಮ್ಮದು ತೆಲಂಗಾಣ. ರಾತ್ರಿ ಹನ್ನೆರಡಕ್ಕೇ ಶುರುವಾದ ಡೋಲು ಮಧ್ಯಾಹ್ನವಾದರೂ ನಿಂತಿರಲಿಲ್ಲ. ಭೀಮ ಬೆಳಿಗ್ಗೆಯೇ ಬಸ್‌ಸ್ಟ್ಯಾಂಡಿನ ಕಡೆ ಹೋಗಿ, ತಲೆತುಂಬ ಗುಲಾಲು ಮೆತ್ತಿಕೊಂಡು, ಲಾಡು ಪೊಟ್ಟಣ ಹಿಡಿದು ಬಂದ. ಅಪ್ಪನ ಮುಂದೆ ಒಂದು ಇಟ್ಟ. ಅಪ್ಪ ತಿಂದ. ನಾನು ಏನಾದರೂ ಬರೆಯಬೇಕೇ ಎಂದು ಬಳಪ ಹಿಡಿದಿದ್ದೆ, ಬೇಕಾಗಲಿಲ್ಲ.

ಮೂರು ಗಂಟೆಗೆ ಕೂತೆವು. ಕಥೆಯಲ್ಲಿ ನಾವು ಒಂದು ದೊಡ್ಡ ಹಡಗಿನ ಮನೆಗೆ ಬಂದಿದ್ದೆವು. ಬಾಗಿಲು ಮುಚ್ಚಿತ್ತು. ಅಪ್ಪ ಕೂಗಿದ, ಯಾರೂ ತೆಗೆಯಲಿಲ್ಲ.

"ಈಗ ಹಿರ್ಯಾ ಏನ್ಮಾಡ್ತಾನ?" ಎಂದು ಭೀಮ ಕೇಳಿದ.

"ನಿಂದರ್ತಾನ."

"ಎಷ್ಟೊತ್ತು?"

"ಸಂಜಿತನ."

"ಸಂಜಿ ಆತು. ಬಾಗಿಲು ತೆಗೀಲಿಲ್ಲ. ಆಮ್ಯಾಲ?"

"ಆಮ್ಯಾಲೇನು, ಬಸ್ ಹಿಡದು ಮನಿಗೆ ಬರ್ತಾನ."

ವೀರಬಸಮ್ಮನವರು ಗೊಳ್ಳೆಂದು ನಕ್ಕರು. ಭೀಮನೂ ನಗುತ್ತ, "ಅಲ್ಲಿ ಬಸ್ ಎಲ್ಲೈತಪ್ಪಾ" ಎಂದ. ಎರಡು ವರ್ಷದ ಮೇಲೆ ಅವನ ಬಾಯಲ್ಲಿ 'ಅಪ್ಪಾ' ಬಂದದ್ದು ಅವನಿಗೇ ತಿಳಿದಂತಿರಲಿಲ್ಲ.

ಅಪ್ಪ ನಗಲಿಲ್ಲ. "ನಾ ನಿಂತಲ್ಲಿ ಇತ್ತು" ಎಂದ. "ನಿನ್ನ ಹಾಸ್ಟೆಲ್ ಗೇಟ್ನಾಗ. ಫೋನ್ನಾಗ ಹಂಗಂದು ವಾರಕ್ಕ ಮನಸು ತಡೀಲಿಲ್ಲ. ಮುಂಜಾನಿ ಬಸ್ಸಿಗೆ ಬಂದೆ. ವಾಚ್‌ಮನ್ ಇಲ್ಲ ಅಂದ. ನೀನೇ ಹಂಗ ಹೇಳು ಅಂದಿದ್ದಿ ಅನ್ಕೊಂಡೆ. ಸಂಜಿತನ ನಿಂತೆ."

ಹೊರಗೆ ಡೋಲು ಬಡಿಯುತ್ತಲೇ ಇತ್ತು. ಭೀಮನ ಕೈಯಲ್ಲಿದ್ದ ದಾಳ ಹಾಗೇ ಉಳಿಯಿತು.

"ನಾ ಇರಲೇ ಇಲ್ಲಪ್ಪಾ. ಮೆರವಣಿಗಿಯಾಗ ಇದ್ದೆ. ಎರಡು ದಿನ ಹಾಸ್ಟೆಲ್‌ಗೆ ಬಂದೇ ಇಲ್ಲ. ನೀ ಬಂದಿದ್ದಿ ಅಂತ ನನಗ ಯಾರೂ ಹೇಳಿಲ್ಲ."

"ವಾಣಿಗೆ ಹೇಳಿದ್ನಲ್ಲ" ಎಂದ ಅಪ್ಪ.

ಎಲ್ಲರೂ ನನ್ನ ಕಡೆ ನೋಡಿದರು. ಸ್ಲೇಟು ನನ್ನ ತೊಡೆಯ ಮೇಲಿತ್ತು.

ಜೂನ್ 3

ನಿನ್ನೆ ಬರೆಯಲಾಗದ್ದನ್ನು ಇವತ್ತು ಬರೆಯಬೇಕು.

ಅಪ್ಪ ಅವತ್ತು ಹೈದರಾಬಾದಿನಿಂದ ಬಂದು ನನಗೆ ಹೇಳಿದ್ದು ನಿಜ. ಭೀಮನಿಗೆ ಹೇಳಿದರೆ ಅವನು ನೊಂದುಕೊಳ್ಳುತ್ತಾನೆ, ಓದು ಇನ್ನಷ್ಟು ಕೆಡುತ್ತದೆ ಎಂದುಕೊಂಡೆ. ಒಳ್ಳೆಯದಕ್ಕೇ ಎಂದು ಹೇಳದೆ ಬಿಟ್ಟೆ. ಅದೊಂದೇ ಅಲ್ಲ. ಅಪ್ಪ, "ಬಾ ಅನ್ನು" ಎಂದಾಗ ನಾನು, "ನಿನಗೆ ಬಿಡುವಾದಾಗ ಬಾ" ಎಂದು ಹೇಳುತ್ತಿದ್ದೆ. ಭೀಮ, "ಅಪ್ಪಗ ಸಿಟ್ಟು ಹೋತೇನು?" ಎಂದು ಕೇಳಿದಾಗ, "ಅಪ್ಪ ಆರಾಮಿದ್ದಾನೆ" ಎನ್ನುತ್ತಿದ್ದೆ. ಒಬ್ಬರ ಬಿಸಿ ಇನ್ನೊಬ್ಬರಿಗೆ ತಾಗದಿರಲಿ ಎಂದು ಎಲ್ಲ ಮಾತನ್ನೂ ಆರಿಸಿ ಆರಿಸಿ ಕಳಿಸಿದೆ. ಅವು ಅವನಿಗೆ ತಲುಪುವ ಹೊತ್ತಿಗೆ ಅಪ್ಪನ ಮಾತಾಗಿ ಉಳಿದಿರಲಿಲ್ಲ ಅನಿಸುತ್ತದೆ.

ಮುಂಜಾನೆ ಭೀಮ ನನ್ನ ಮಂಚದ ತುದಿಯಲ್ಲಿ ಕೂತು ಕೇಳಿದ. "ಅಕ್ಕಾ, ನಿನಗ ಗೊತ್ತಿತ್ತಾ?"

'ಹೌದು' ಎಂದು ಬರೆದೆ. ಒರೆಸಿ, 'ನಿನಗೆ ನೋವಾಗಬಾರದು ಎಂದು' ಎಂದು ಶುರು ಮಾಡಿದೆ. ಸ್ಲೇಟು ತುಂಬಿತು. ಅವನು ಓದುವ ಮೊದಲೇ ಎಲ್ಲ ಒರೆಸಿದೆ. ಮತ್ತೆ 'ಹೌದು' ಎಂದಷ್ಟೇ ಬರೆದೆ. ಕೆಳಗೆ, 'ತಪ್ಪಾಯಿತು.'

ಅವನು ಆ ಎರಡು ಮಾತನ್ನು ಮತ್ತೆ ಮತ್ತೆ ಓದಿದ. ಬಾಯಿದ್ದಿದ್ದರೆ ಆ ಹೊತ್ತಿನಲ್ಲಿ ನಾನು ನೂರು ಮಾತಾಡುತ್ತಿದ್ದೆ. ಆಮೇಲೆ ಎದ್ದು, "ಚಾ ಕುಡೀತಿಯೇನು?" ಎಂದ.

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಜೂನ್ 7

ಅಪ್ಪ ಭೀಮ ಇಬ್ಬರಿಗೂ ಮುಂಜಾನೆಯಿಂದ ಜಗಳ. ಹೊಸ ರಾಜ್ಯ ಬಂದದ್ದರಿಂದ ಏನಾಗುತ್ತದೆ ಎಂಬುದಕ್ಕೆ.

"ನೀ ಎಲ್ಲಿ ಗೆರಿ ಎಳದ್ರೂ ನನ್ನ ಕುರಿ ದಾಟ್ತಾವ" ಎಂದ ಅಪ್ಪ.

"ಕುರಿಗೆ ನೌಕರಿ ಬೇಕಿಲ್ಲಪ್ಪಾ, ನಮಗ ಬೇಕು" ಎಂದ ಭೀಮ.

ಇಬ್ಬರೂ ನೇರವಾಗಿ, ಮುಖಕ್ಕೆ ಮುಖ ಕೊಟ್ಟು, ಕೈ ಬೀಸಿ ಬೀಸಿ. ಮೊದಲಾಗಿದ್ದರೆ ಮಧ್ಯೆ ಹೋಗಿ ನಿಲ್ಲುತ್ತಿದ್ದೆ. ಇವತ್ತು ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಕೇಳಿದೆ. ಇಬ್ಬರ ಮಾತೂ ಚೆನ್ನಾಗಿತ್ತು. ಹತ್ತು ಗಂಟೆಗೆ ಹಸಿವಾಗಿ ತಾವೇ ನಿಲ್ಲಿಸಿದರು.

ಆಟದಲ್ಲಿ ಎಮ್ಮೆ ಕರು ಹಾಕಿತು. ಪುಸ್ತಕದಲ್ಲಿ ಇದಕ್ಕೆ ನಿಯಮವೇ ಇಲ್ಲ. ವೀರಬಸಮ್ಮನವರು ಮನೆಯಿಂದ ನಿಜವಾದ ಗಿಣ್ಣು ತಂದು ಹಂಚಿದರು. ಯಾರ ಮನೆಯ ಎಮ್ಮೆಯದು ಎಂದು ಕೇಳಿದರೆ, "ನಂದೇ" ಎಂದರು.

ಜೂನ್ 12

ಶಾಲೆ ತೆರೆಯಿತು. ಹೆಡ್‌ಮಾಸ್ಟರ್ ಕರಿಬಸಯ್ಯ ಸರ್ ನನ್ನ ಸ್ಲೇಟು ಓದಿ ತಲೆಮೇಲೆ ಕೈ ಇಟ್ಟುಕೊಂಡರು. "ವಾಣಿ ಟೀಚರ್, ನೀವು ಕೂತ್ಕೊಳ್ರಿ, ಆದ್ರ ಮೂರು ಕ್ಲಾಸ್ ಯಾರು ನಡಸ್ತಾರ್ರಿ?" ಭೀಮ ನನ್ನನ್ನು ಬಿಡಲು ಬಂದವನು ಬಾಗಿಲಲ್ಲೇ ಇದ್ದ. ಸರ್ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಕನ್ನಡ ಓದಾಕ ಬರ್ತದೇನಪ?" ಎಂದರು. ಅಕ್ಕನಿಗೆ ಗಂಟಲು ಬರುವವರೆಗೆ ಒಂದು ವಾರ ನಡೆಸಲಿ ಎಂದಾಯಿತು.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಎಂಟು ವರ್ಷದಲ್ಲಿ ಆ ಬೆಂಚಿನಿಂದ ನನ್ನ ಕ್ಲಾಸು ನೋಡಿರಲಿಲ್ಲ. ಅಲ್ಲಿಂದ ಬೋರ್ಡಿನ ಬಲಗಡೆ ಕಾಣುವುದೇ ಇಲ್ಲ! ಇಷ್ಟು ವರ್ಷ ಹಿಂದಿನ ಸಾಲಿನವರನ್ನು ಬರೆಯಲಿಲ್ಲವೆಂದು ಬೈದಿದ್ದೇನೆ. ಮಧ್ಯಾಹ್ನ ಬೋರ್ಡು ಎರಡಡಿ ಸರಿಸಿದೆವು.

ಭೀಮ ಪಾಠದ ನಡುವೆ ಬೋರ್ಡಿನ ಮೇಲೆ ಕಡಲು ಹೋದ ನಾಡಿನ ನಕಾಶೆ ಬರೆದ. "ಮುಂದ ಹೊಳಿ ಬಂತು. ಏನ್ಮಾಡ್ತೀರಿ?" ಎಂದ. ಮೂವತ್ತನಾಲ್ಕು ಮಕ್ಕಳು ಒಮ್ಮೆಲೇ ಎದ್ದರು. ಅರ್ಧ ತೆಲುಗು, ಅರ್ಧ ಕನ್ನಡ. ತನ್ನ ಊರಿನ ಹೆಸರನ್ನೇ ಎಂದೂ ತಪ್ಪಿಲ್ಲದೆ ಬರೆಯದ ಪೆಂಟಮ್ಮ ತನ್ನ ಹಡಗಿಗೆ ಹೆಸರಿಟ್ಟು, ಒತ್ತಕ್ಷರದ ಸಮೇತ ಸರಿಯಾಗಿ ಬರೆದು ತಂದು ತೋರಿಸಿದಳು. ಭೀಮನ ಮುಖ ನೋಡಬೇಕಿತ್ತು. ಹಾಸ್ಟೆಲಿನ ಗೆಳೆಯರು ಬೇಡವೆಂದ ಲೋಕಕ್ಕೆ ಜಾಗ ಸಾಲದಷ್ಟು ಜನ.

ಸಂಜೆ ಕರಿಬಸಯ್ಯ ಸರ್, "ಹುಡುಗ ಬಿ.ಎಡ್. ಮಾಡಬಹುದಲ್ರಿ" ಎಂದರು. ನಾನು ಅದನ್ನು ಮನೆಯಲ್ಲಿ ಯಾರಿಗೂ ಬರೆದು ತೋರಿಸಲಿಲ್ಲ. ಸರ್ ಅವನಿಗೇ ಹೇಳಲಿ.

ಜೂನ್ 14

ಸರ್ ಹೇಳಿದರಂತೆ. ರಾತ್ರಿ ಊಟಕ್ಕೆ ಕೂತಾಗ ಭೀಮ ಅಪ್ಪನಿಗೆ ಹೇಳಿದ. ಅಪ್ಪ, "ಅದಕ್ಕೂ ಪರೀಕ್ಷಿ ಐತೇನು?" ಎಂದ. "ಐತಿ." "ಬರೀತಿಯೇನು?" "ಬರೀತೀನಿ." ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಜೂನ್ 17

ರಾಯಚೂರಿಗೆ ಒಬ್ಬಳೇ ಹೋಗಿದ್ದೆ. ಭೀಮ ಶಾಲೆಯಲ್ಲಿದ್ದ.

ಡಾಕ್ಟರಮ್ಮ ಕನ್ನಡಿ ಹಿಡಿದು ನೋಡಿ, 'ಆ' ಅನ್ನಿಸಿ, ಈ ಸಲ ನಕ್ಕರು. ಗಾಯ ಮಾಗಿದೆ. ಇವತ್ತಿನಿಂದ ದಿನಕ್ಕೆ ಐದು ನಿಮಿಷ ಮೆಲ್ಲಗೆ ಮಾತಾಡಬಹುದು. ವಾರಕ್ಕೆ ಐದೈದು ನಿಮಿಷ ಹೆಚ್ಚಿಸಬೇಕು. ಶಾಲೆಯಲ್ಲಿ ಕೂಗುವ ಹಾಗಿಲ್ಲ. ಬಸ್ಸಿನಲ್ಲಿ ಕೂತು ಮೊದಲು ಯಾರಿಗೆ ಏನು ಹೇಳಬೇಕೆಂದು ಪಟ್ಟಿ ಮಾಡಿದೆ. ಕೃಷ್ಣಾ ದಾಟುವ ಹೊತ್ತಿಗೆ ಪಟ್ಟಿ ಅರ್ಧ ಗಂಟೆಯಷ್ಟಾಗಿತ್ತು.

ಮನೆಗೆ ಬಂದಾಗ ಮೂರೂವರೆ. ಭೀಮ ಇನ್ನೂ ಬಂದಿರಲಿಲ್ಲ, ಆದರೂ ಆಟ ನಡೆದಿತ್ತು. ಅವನ ಜಾಗದಲ್ಲಿ ಅಪ್ಪ ಕೂತಿದ್ದ. ಮುಂದೆ ನಕಾಶೆ, ಅಂಗೈಯಲ್ಲಿ ಇಪ್ಪತ್ತು ಮುಖದ ದಾಳ. ಪುಸ್ತಕ ಮುಚ್ಚಿತ್ತು. ಆ ಇಂಗ್ಲಿಷು ಅವನಿಗೆ ಓದಲೂ ಬಾರದು. ಆದರೆ ಮಂದೆ ಕಡಲಿನ ಹಳೆಯ ದಂಡೆ ಹತ್ತುತ್ತಿತ್ತು, ಗಾಳಿ ತಿರುಗಿತ್ತು, ಮುಂದಿನ ಟಗರು ಒಮ್ಮೆಲೇ ನಿಂತು ಕಿವಿ ನಿಮಿರಿಸಿತ್ತು. ಅವ್ವ ಬಾಯಿ ತೆರೆದು ಕೇಳುತ್ತಿದ್ದಳು. ವೀರಬಸಮ್ಮನವರು ಕಾಣದ ಕರುವಿನ ಕೊರಳು ಹಿಡಿದವರಂತೆ ಸೆರಗು ಬಿಗಿಹಿಡಿದಿದ್ದರು.

"ಡಾಕ್ಟರ್ ಏನಂದ್ರು?" ಎಂದು ಅವ್ವ ನನ್ನ ಕಡೆ ತಿರುಗಿದಳು. ತಡಿ ಎಂದು ಕೈ ಮಾಡಿ, ಚಪ್ಪಲಿ ಬಿಟ್ಟು, ನನ್ನ ಜಾಗದಲ್ಲಿ ಕೂತೆ.

ಅಪ್ಪ ಹೇಳುತ್ತಿದ್ದವನು ನನ್ನನ್ನು ನೋಡಿ ನಿಲ್ಲಿಸಿದ್ದ.

"ಮಾತು ಬಂತೇನಬೇ?" ಎಂದ ಮೆಲ್ಲಗೆ.

ಪಟ್ಟಿಯಲ್ಲಿದ್ದುದು ಒಂದೂ ನೆನಪಾಗಲಿಲ್ಲ.

"ಮುಂದೇನಾತಪ್ಪಾ?" ಎಂದೆ. ದನಿ ದಪ್ಪಗಿತ್ತು, ನನ್ನದೇ ಎಂದು ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಅವ್ವ ಕಣ್ಣೊರೆಸಿಕೊಂಡಳು. ವೀರಬಸಮ್ಮನವರು, "ಅಳೋದು ಆಮ್ಯಾಲ ಹಣಮವ್ವ, ಮೊದಲು ಟಗರು ಏನು ಕಂಡೈತಿ ಕೇಳೋಣು" ಎಂದರು.

ಅಪ್ಪ ಹೇಳಿದ. ದೀಪ ಹಚ್ಚುವವರೆಗೂ ಹೇಳಿದ. ಭೀಮ ಶಾಲೆಯಿಂದ ಬಂದು, ಬ್ಯಾಗು ಕೂಡ ಇಳಿಸದೆ ಬಾಗಿಲಿಗೆ ಒರಗಿ ಕೇಳಿದ.

ಡಾಕ್ಟರಮ್ಮ ಕೊಟ್ಟ ಐದು ನಿಮಿಷದಲ್ಲಿ ನಾಲ್ಕೂಮುಕ್ಕಾಲು ಹಾಗೇ ಉಳಿದಿದೆ. ಈಗ ಬರೆಯುವಾಗ ನೆನಪಾಯಿತು.